ಪಾಲುಪಟ್ಟಿಗೆ ಸೇರದ ಫೈಲುಗಳು

ನಮ್ಮ ಮನೆ ಇಬ್ಭಾಗವಾದಾಗ ಪಾಲುಪಟ್ಟಿಯನ್ನು ಟೈಪ್ ಮಾಡಿದವಳು ನನ್ನ ಅಮ್ಮ. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನನಗೆ ನಲವತ್ತು ತುಂಬುತ್ತಾ ಬಂತು, ಇನ್ನೂ ನಗು ಬಂದಿಲ್ಲ. ತನ್ನ ಕೈಬಿಟ್ಟು ಹೋಗುವ ಸಾಮಾನುಗಳ ಪಟ್ಟಿಯನ್ನು ಒಬ್ಬ ಹೆಂಗಸು ತನ್ನದೇ ಬೆರಳುಗಳಿಂದ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಮೂಡಿಸುವುದನ್ನು ನಾನು ಎಂಟನೇ ತರಗತಿಯಲ್ಲಿದ್ದಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇವತ್ತಿಗೂ ಯಾರಾದರೂ ನನ್ನ ಮುಂದೆ ‘ಅದೇನು ಮಹಾ, ಬರೀ ಟೈಪಿಂಗ್ ತಾನೆ’ ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಆ ಬಿಸಿ ಹುಟ್ಟಿದ್ದು ಅವತ್ತು.

ನ್ಯಾಮತಿಯಲ್ಲಿ ನಮ್ಮದು ರೈಲುಡಬ್ಬಿಯಂಥ ಉದ್ದನೆಯ ಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಮುಂದಿನ ಕೋಣೆಯೇ ನಮ್ಮ ಜಾಬ್ ಟೈಪಿಂಗ್ ಅಂಗಡಿ. ಬೋರ್ಡಿನ ಮೇಲೆ ಅಪ್ಪನ ಹೆಸರು, ಅದರ ಕೆಳಗೆ ತುಸು ಸಣ್ಣ ಅಕ್ಷರದಲ್ಲಿ ಚಿಕ್ಕಪ್ಪ ಮಂಜಪ್ಪನ ಹೆಸರು. ಇಬ್ಬರಿಗೂ ಟೈಪಿಂಗ್ ಬರುತ್ತಿರಲಿಲ್ಲ. ಅಪ್ಪ ಬಂದವರನ್ನು ಕೂರಿಸಿ ಮಾತಾಡಿಸುತ್ತಿದ್ದ, ಚಿಕ್ಕಪ್ಪ ಊರೂರು ತಿರುಗಿ ಮದುವೆ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆಗಳ ಕೆಲಸ ಹಿಡಿದು ತರುತ್ತಿದ್ದ. ಅಮ್ಮ ಜಗಳೂರಿನವಳು. ಮದುವೆಗೆ ಮುಂಚೆ ಅಲ್ಲಿಯೇ ಟೈಪಿಂಗ್ ಕಲಿತು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದ್ದಳು. ಒಲೆಯ ಮೇಲೆ ಬೇಳೆ ಇಟ್ಟು ಬಂದು ಒಂದು ಪುಟ, ರೊಟ್ಟಿ ಬಡಿದು ಬಂದು ಇನ್ನೊಂದು ಪುಟ. ಕೀಲಿಮಣೆಯಲ್ಲಿ ಅವಳ ಬೆರಳು ಹೆಚ್ಚು ಬೀಳುವ ಅಕ್ಷರಗಳು ಅರಿಶಿನ ಕೈಯಿಂದ ಹಳದಿಗಟ್ಟಿದ್ದವು. ಎಲ್ಲರೂ ಉಂಡಾದ ಮೇಲೆ ತಟ್ಟೆಯನ್ನು ಮೇಜಿನ ಮೂಲೆಗಿಟ್ಟುಕೊಂಡು, ಎಡಗೈಯಲ್ಲಿ ಹಾಳೆ ತಿರುವುತ್ತಾ ಊಟ ಮಾಡುತ್ತಿದ್ದಳು. ಊರಿನವರೆಲ್ಲ ಆ ಅಂಗಡಿಯನ್ನು ‘ಬಸಣ್ಣನ ಕಂಪ್ಯೂಟರ್’ ಎನ್ನುತ್ತಿದ್ದರು. ಬಸಣ್ಣ ಎಂದರೆ ನನ್ನ ಅಪ್ಪ ಬಸಪ್ಪ. ಆ ಯಂತ್ರವನ್ನು ಆರಿಸುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ.

ಯಂತ್ರಗಳು ಎರಡಿದ್ದವು, ಎರಡೂ ಸೆಕೆಂಡ್ ಹ್ಯಾಂಡ್. ಮೊದಲು ಕೊಂಡದ್ದು ತೀರಾ ನಿಧಾನ. ಅದಾದ ಎರಡು ವರ್ಷಕ್ಕೆ ಇನ್ನೊಂದು ಬಂದಾಗ ಮೊದಲಿನದು ಪಡಸಾಲೆಯ ಮೂಲೆ ಸೇರಿ ಬಟ್ಟೆ ಹೊದ್ದು ಕೂತಿತು. ಎರಡನೆಯದನ್ನು ನಾವು ‘ಹೊಸದು’ ಎಂದು ಕರೆದರೂ ಅದೂ ಯಾರೋ ಬಳಸಿ ಬಿಟ್ಟದ್ದೇ. ಅಮ್ಮನ ಕೆಲಸವೆಲ್ಲ ಅದರಲ್ಲೇ ಇತ್ತು. ನೂರಾರು ಬಗೆಯ ಕಾರ್ಡುಗಳು, ಅರ್ಜಿಗಳ ನಮೂನೆಗಳು, ಹತ್ತಾರು ಶಾಲೆಗಳ ಪ್ರಶ್ನೆಪತ್ರಿಕೆಗಳು. ಹೊಸ ಕೆಲಸ ಬಂದರೆ ಹಳೆಯದನ್ನು ತೆರೆದು ಹೆಸರು, ಊರು ಬದಲಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಹೊಸದಾಗಿ ಮಾಡಲು ಹೋದರೆ ಅರ್ಧ ದಿನ.

ಇವಲ್ಲದೆ ‘ಇತರೆ’ ಎಂದು ಹೆಸರಿಟ್ಟ ಒಂದು ಫೋಲ್ಡರ್ ಇತ್ತು. ಅದರ ವಿಷಯ ನನಗೂ ಅಮ್ಮನಿಗೂ ಮಾತ್ರ ಗೊತ್ತು. ಅರ್ಜಿ ಬರೆಸಲು ಬರುವ ಹೆಂಗಸರು ಅಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು ತಮ್ಮ ಕಥೆಯನ್ನೆಲ್ಲ ಹೇಳುತ್ತಿದ್ದರು. ಅರ್ಜಿಯ ನಮೂನೆಯಲ್ಲಿ ‘ಕಾರಣ’ ಎಂಬಲ್ಲಿ ಎರಡು ಸಾಲಿನ ಜಾಗ. ಬಾವಿ ತೋಡುವ ಕೆಲಸಕ್ಕೆಂದು ಹೋದ ಗಂಡ ಹನ್ನೊಂದು ವರ್ಷವಾದರೂ ಬಂದಿಲ್ಲ. ಸತ್ತದ್ದಕ್ಕೆ ಕಾಗದ ಇಲ್ಲವಾದ್ದರಿಂದ ನೀನು ವಿಧವೆ ಅಲ್ಲ ಎಂದು ಕಚೇರಿಯವರು ಹೇಳಿ ಕಳಿಸಿದ್ದಾರೆ. ಇದು ಎರಡು ಸಾಲಿಗೆ ಹಿಡಿಯುತ್ತದೆಯೇ? ಕುರಿ ಕಾಯುವ ಇನ್ನೊಬ್ಬಳ ರೇಷನ್ ಕಾರ್ಡಿನಲ್ಲಿ ಅವಳ ವಯಸ್ಸು ಅವಳ ಮಗನಿಗಿಂತ ಎರಡು ವರ್ಷ ಕಡಿಮೆ ಬಿದ್ದಿತ್ತು. ವೃದ್ಧಾಪ್ಯ ವೇತನ ಕೇಳಲು ಹೋದರೆ ‘ಇನ್ನೂ ವಯಸ್ಸಿದೆ ಬಿಡಮ್ಮ’ ಎಂದು ನಕ್ಕರಂತೆ. ಅಮ್ಮ ಅರ್ಜಿಗೆ ಎರಡು ಸಾಲು ಟೈಪ್ ಮಾಡಿ ಕೊಟ್ಟು, ಅವರು ಹೋದ ಮೇಲೆ ಅವರ ಮಾತನ್ನೆಲ್ಲ, ಅವರದೇ ಮಾತಿನಲ್ಲಿ, ಪೂರ್ತಿ ಟೈಪ್ ಮಾಡಿ ‘ಇತರೆ’ಗೆ ಸೇರಿಸುತ್ತಿದ್ದಳು. ಯಾಕಮ್ಮ ಎಂದು ಒಮ್ಮೆ ಕೇಳಿದ್ದೆ.

“ಅಷ್ಟೆಲ್ಲ ಹೇಳಿದ್ದನ್ನ ಎರಡು ಸಾಲು ಮಾಡಿ ಕಳಿಸೋದು ನಾನೇ ಅಲ್ವೇನೇ. ಉಳಿದಿದ್ದನ್ನ ಎಲ್ಲಾದ್ರೂ ಇಡ್ಬೇಕಲ್ಲ” ಎಂದಿದ್ದಳು.

ಅಣ್ಣತಮ್ಮಂದಿರ ನಡುವೆ ಬಿರುಕು ಬಿಟ್ಟದ್ದು ಯಾಕೆಂದು ಇಲ್ಲಿ ಬರೆಯುವುದಿಲ್ಲ. ಬರೆಯುವಂಥ ಘನ ಕಾರಣವೇನೂ ಇರಲಿಲ್ಲ. ಚಿಕ್ಕಪ್ಪ ಚನ್ನಗಿರಿಗೆ ಹೋಗಿ ಬೇರೆ ಅಂಗಡಿ ಇಡುವುದೆಂದು ತೀರ್ಮಾನವಾಯಿತು. ಪಾಲು ಮಾಡಿಕೊಡಲು ಸಾಸ್ವೆಹಳ್ಳಿಯಿಂದ ದೊಡ್ಡಜ್ಜ ಬಂದ. ನನ್ನ ಅಜ್ಜನ ಅಣ್ಣ ಅವನು, ಮನೆತನಕ್ಕೆಲ್ಲ ಹಿರಿಯ, ಮನೆಯವರೆಲ್ಲರ ಬಾಯಲ್ಲೂ ದೊಡ್ಡಜ್ಜ. ಒಂದು ಮಂಗಳವಾರ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಗಂಡಸರೆಲ್ಲ ಕೂತರು. ಅವಲಕ್ಕಿ, ಚಹಾ ಆಯಿತು. ದೊಡ್ಡಜ್ಜ ಹೇಳುತ್ತಾ ಹೋದ, ಅಮ್ಮ ಗೋಡೆಯ ಕಡೆ ಮುಖಮಾಡಿ ಟೈಪ್ ಮಾಡುತ್ತಾ ಹೋದಳು. ಹಂಡೆ, ಕೊಪ್ಪರಿಗೆ, ಮಂಚ, ಬೀರು. ಸೌಟುಗಳನ್ನೂ ಬಿಡಲಿಲ್ಲ. ಅಡುಗೆಮನೆಯ ಯಾವ ಪಾತ್ರೆ ಯಾರ ಪಾಲಿಗೆ ಎಂದು ಮಾತಾಡಿದವರಲ್ಲಿ ಒಬ್ಬನೂ ಆ ಪಾತ್ರೆಯಲ್ಲಿ ನೀರು ಕಾಯಿಸಿದವನಲ್ಲ. ಅಮ್ಮನನ್ನಾಗಲಿ, ಬಾಗಿಲ ಹಿಂದೆ ನಿಂತಿದ್ದ ಚಿಕ್ಕಮ್ಮ ಗಿರಿಜಾಳನ್ನಾಗಲಿ ಯಾರೂ ಕೇಳಲಿಲ್ಲ.

“ಬೀದಿ ಕೋಣೆ ಕಂಪ್ಯೂಟರ್ ಒಂದು, ಪ್ರಿಂಟರ್ ಒಂದು, ಮಂಜಪ್ಪನ ಪಾಲಿಗೆ. ಪಡಸಾಲೆದು, ಅದ್ರ ಹಳೇ ಪ್ರಿಂಟರ್ ಬಸಪ್ಪನ ಪಾಲಿಗೆ” ಎಂದ ದೊಡ್ಡಜ್ಜ.

ಟಕಟಕ ಸದ್ದು ನಿಂತಿತು. ಅಮ್ಮ ಕುರ್ಚಿ ತಿರುಗಿಸಿದಳು.

“ಇದ್ರೊಳಗೆ ಇರೋದನ್ನ ಯಾರ ಪಾಲಿಗೆ ಅಂತ ಬರೀಲಿ, ದೊಡ್ಡಜ್ಜ?”

“ಇದ್ರೊಳಗೆ ಏನೈತೆ ತಾಯಿ?”

“ನಾನು ಮಾಡಿದ ಕೆಲ್ಸ ಐತೆ. ಅಷ್ಟೂ ಇದ್ರಾಗೇ ಐತೆ.”

ಚಿಕ್ಕಪ್ಪ ನಕ್ಕ. “ಬೀರು ನನಗೆ ಕೊಟ್ಟು ಅದ್ರ ಖಾನೆ ನಿಮ್ದು ಅಂದ್ರೆ ಹೆಂಗೆ ಅತ್ಗೆ?”

“ಖಾನೆ ಕೇಳ್ತಿಲ್ಲ ಮಂಜಪ್ಪ. ಇದ್ರಾಗಿರೋದನ್ನ ಆ ಕಂಪ್ಯೂಟರ್‌ಗೂ ಹಾಕ್ಕೊಂತೀನಿ ಅಷ್ಟೆ. ನಿಂದು ನಿನ್ನತ್ರಾನೇ ಇರ್ತೈತೆ.”

ದೊಡ್ಡಜ್ಜನಿಗೆ ಇದು ಅರ್ಥವಾಗಲಿಲ್ಲ. ಅವನು ಮೋಸಗಾರನಲ್ಲ, ನಿಜವಾಗಿಯೂ ಅರ್ಥವಾಗಲಿಲ್ಲ.

“ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿದ್ರೆ ಇಲ್ಲಿ ಖಾಲಿ ಆಗ್ತೈತಲ್ಲ?”

“ಆಗಲ್ಲ ಅಜ್ಜ. ಇಲ್ಲೂ ಇರ್ತೈತೆ, ಅಲ್ಲೂ ಇರ್ತೈತೆ.”

“ಹಂಗಾದ್ರೆ ಜಗಳ ಎಲ್ಲೈತೆ?”

“ಅದೇ ಜಗಳ!” ಎಂದ ಚಿಕ್ಕಪ್ಪ. “ಇಬ್ರತ್ರಾನೂ ಇದ್ರೆ ನನ್ನ ಪಾಲಿಗೆ ಹೆಚ್ಚು ಏನು ಬಂದಂಗಾಯ್ತು?”

ಆ ಮಾತನ್ನು ನಾನು ಮರೆತಿಲ್ಲ. ಕೊಟ್ಟರೂ ಕಡಿಮೆಯಾಗದ ವಸ್ತು ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ. ಅದನ್ನೂ ಕೊಡಬಾರದು ಎನ್ನುವ ಮನಸ್ಸಿಗೆ ಏನು ಹೆಸರಿಡಬೇಕು? ಆದರೆ ಚಿಕ್ಕಪ್ಪನ ಮೇಲೆ ನನಗೆ ಬಂದ ಸಿಟ್ಟು ದೊಡ್ಡದಲ್ಲ. ದೊಡ್ಡದು ಬಂದದ್ದು ಅಪ್ಪನ ಮೇಲೆ. ಎಲ್ಲರೂ ಅವನ ಮುಖ ನೋಡಿದಾಗ ಅವನು ಚಹಾದ ಲೋಟ ಕೆಳಗಿಟ್ಟು ಹೇಳಿದ:

“ಹೋಗ್ಲಿ ಬಿಡೇ. ಮತ್ತೆ ಟೈಪ್ ಮಾಡ್ಕೊಂಡ್ರಾಯ್ತು.”

ಮತ್ತೆ ಟೈಪ್ ಮಾಡಿಕೊಂಡರಾಯಿತು! ಯಾರು? ಯಾವಾಗ? ಯಾವ ಬೇಳೆ ಬೇಯುವ ಹೊತ್ತಿನಲ್ಲಿ? ಸೌಟುಗಳನ್ನು ಮತ್ತೆ ಎರಕ ಹೊಯ್ದುಕೋ ಎಂದು ಅವನು ತಮ್ಮನಿಗೆ ಹೇಳಲಿಲ್ಲ. ಅಮ್ಮ ದೊಡ್ಡಜ್ಜನನ್ನೇ ನೋಡುತ್ತಾ ಕೂತಳು, ಪಟ್ಟಿ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ದೊಡ್ಡಜ್ಜ, ನಾಳೆ ಹನ್ನೆರಡಕ್ಕೆ ಟೆಂಪೊ ಬರುತ್ತದೆ, ಅಷ್ಟರೊಳಗೆ ಎಷ್ಟಾಗುತ್ತದೋ ಅಷ್ಟು ಮಾಡಿಕೊಳ್ಳಲಿ, ಟೆಂಪೊ ಹೊರಟ ಮೇಲೆ ಮಾತಿಲ್ಲ ಎಂದ. ಅಮ್ಮ ತಿರುಗಿ ಉಳಿದ ಪಟ್ಟಿಯನ್ನು ಟೈಪ್ ಮಾಡಿದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅಪ್ಪ ದನಿ ತಗ್ಗಿಸಿ, “ನಾಲ್ಕು ಜನದ ಮುಂದೆ ಮರ್ಯಾದೆ ತೆಗೆದ್ಯಲ್ಲ” ಎಂದ. ಅಮ್ಮ ಸಾರಿನ ಪಾತ್ರೆಯನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟು, “ಬಡಿಸ್ಕೊಳ್ರಿ” ಎಂದು ಎದ್ದುಬಂದಳು. ನಮ್ಮ ಮನೆಯಲ್ಲಿ ಅಪ್ಪ ತಾನೇ ಬಡಿಸಿಕೊಂಡು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಡಸಾಲೆಯ ಕಂಪ್ಯೂಟರನ್ನು ನಾವಿಬ್ಬರೂ ಹೊತ್ತುತಂದು ಮುಂದಿನ ಕೋಣೆಯ ಸ್ಟೂಲಿನ ಮೇಲೆ ಇಟ್ಟೆವು. ಪೆನ್‌ಡ್ರೈವ್ ಎಂಬುದು ನಮ್ಮ ಊರಿಗೆ ಬಂದಿರಲಿಲ್ಲ, ಬಂದಿದ್ದರೂ ಈ ಮುದಿ ಯಂತ್ರಗಳಲ್ಲಿ ಚುಚ್ಚಲು ಜಾಗವಿರಲಿಲ್ಲ. ಇದ್ದದ್ದು ಒಂದು ಡಬ್ಬಿ ಫ್ಲಾಪಿ. ಒಂದೊಂದರಲ್ಲಿ ಹಿಡಿಯುವುದು ಬೊಗಸೆಯಷ್ಟು. ಇದರಲ್ಲಿ ಹಾಕಿ ತುಂಬಿಸು, ತೆಗೆ, ಅದರಲ್ಲಿ ಹಾಕು, ಇಳಿಸು, ಅಳಿಸು, ಮತ್ತೆ ತುಂಬಿಸು. ಬಾವಿಯಿಂದ ಹಂಡೆಗೆ ಲೋಟದಲ್ಲಿ ನೀರು ಹೊತ್ತಂತಾಯಿತು. ಅರ್ಧಕ್ಕರ್ಧ ಫ್ಲಾಪಿಗಳು ಬೂಷ್ಟು ಹಿಡಿದಿದ್ದವು. ಗರಗರ ಎಂದು ತಿರುಗಿ ಓದಲಾಗುವುದಿಲ್ಲ ಎಂದು ನಿಂತುಬಿಡುತ್ತಿದ್ದವು. ಚಿತ್ರವಿರುವ ಕಾರ್ಡುಗಳಂತೂ ಒಂದು ಫ್ಲಾಪಿಗೆ ಹಿಡಿಯುತ್ತಲೇ ಇರಲಿಲ್ಲ. ಸಂಜೆಯವರೆಗೂ ಮಾಡಿದರೂ ದಾಟಿಸಿದ್ದು ಹತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ದಾಟಿ ಬಂದ ಒಂದನ್ನು ತೆರೆದರೆ ಕನ್ನಡವೇ ಇಲ್ಲ. ಪರದೆಯ ತುಂಬ ಕೊಕ್ಕೆ, ಚುಕ್ಕೆ, ಹರಕುಮುರುಕು ಇಂಗ್ಲಿಷ್ ಅಕ್ಷರ.

ಬಾಗಿಲಲ್ಲಿ ನಿಂತು ನೋಡಿದ ಚಿಕ್ಕಪ್ಪ, “ನೋಡ್ರಿ ಅತ್ಗೆ, ಇಷ್ಟು ಒದ್ದಾಡಿ ಕಸ ತುಂಬ್ಕೊಂಡ್ರಿ” ಎಂದು ಹೋದ.

ನಾನು ಅಳಲು ಶುರುಮಾಡಿದೆ. ಅಮ್ಮ ಮಾತ್ರ ಶಾಂತವಾಗಿ, “ಕಸ ಅಲ್ಲ, ನಮ್ಮ ಈಗಿನ ಕನ್ನಡದ ಫಾಂಟ್ ಇದ್ರಾಗಿಲ್ಲ” ಎಂದು ಅದನ್ನೊಂದು ಫ್ಲಾಪಿಗೆ ಹಾಕಿ ತಂದಳು. ಯಂತ್ರ ಆರಿಸಿ ಹಚ್ಚಿದ ಮೇಲೆ ಅದೇ ಫೈಲು ತೆರೆದರೆ, ಕೊಕ್ಕೆಗಳಿದ್ದ ಜಾಗದಲ್ಲಿ ಯಾರದೋ ಮದುವೆಯ ಕರೆಯೋಲೆ ಅಚ್ಚುಕಟ್ಟಾಗಿ ಕೂತಿತ್ತು.

ಫ್ಲಾಪಿಯಿಂದ ಆಗುವ ಕೆಲಸವಲ್ಲ ಎಂದು ಅಮ್ಮ ಹೊನ್ನಾಳಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಶಬಾನಾ ಟೀಚರಿಗೆ ಫೋನ್ ಮಾಡಿದಳು. ಎರಡು ಕಂಪ್ಯೂಟರುಗಳ ಪ್ರಿಂಟರ್ ಸಿಕ್ಕಿಸುವ ಜಾಗಗಳನ್ನು ಜೋಡಿಸುವ ಕೇಬಲ್ ಅವರ ಬಳಿ ಇತ್ತು. ಬುಧವಾರ ಬೆಳಿಗ್ಗೆ ಶಾಲೆ ತಪ್ಪಿಸಿ ಮೊದಲ ಬಸ್ಸಿಗೆ ಹೋದೆ. ಟೀಚರ್ ಕೇಬಲನ್ನು ಕೈಗಿಟ್ಟು ಮೆಟ್ಟಿಲ ಮೇಲೆ ನಿಂತೇ ಪಾಠ ಮಾಡಿದರು.

“ಒಂದು ಕೊಡೋದು, ಒಂದು ತಗೊಳೋದು ಅಂತ ಎರಡಕ್ಕೂ ಹೇಳ್ಬೇಕು. ನಡುವೆ ಎಳೀಬಾರ್ದು. ಜಲ್ದಿ ಹೋಗು, ನಿಮ್ಮ ಕಡೆ ಹತ್ತಕ್ಕೆ ಕರೆಂಟ್ ತೆಗೀತಾರೆ.”

ನಾನು ಮನೆ ಮುಟ್ಟಿದಾಗ ಹತ್ತಾಗಿ ಐದು ನಿಮಿಷ. ಫ್ಯಾನು ನಿಂತಿತ್ತು. ಎರಡು ಗಂಟೆಯ ಹೊತ್ತು ಅಮ್ಮ ಆರಿದ ಎರಡು ಪರದೆಗಳ ಮುಂದೆ ಕೇಬಲ್ ಸಿಕ್ಕಿಸಿಕೊಂಡು ಕೂತಳು. ಹೊರಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಹಂಡೆ, ಮಂಚಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು. ಆ ಕೆಲಸದಲ್ಲಿ ಅವರ ನಡುವೆ ಯಾವ ಮನಸ್ತಾಪವೂ ಕಾಣಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಕರೆಂಟ್ ಬಂತು. ಅದರ ಬೆನ್ನಿಗೇ ಟೆಂಪೊ ಬಂತು. ಚಿಕ್ಕಪ್ಪ ಒಳಗೆ ಬಂದು ಕಂಪ್ಯೂಟರಿಗೆ ಕೈ ಹಾಕುವುದರಲ್ಲಿದ್ದ. ಆಗ ಚಿಕ್ಕಮ್ಮ ಬಾಗಿಲ ಹಿಂದಿನಿಂದ ಈಚೆ ಬಂದಳು. ಗಿರಿಜಾ ಚಿಕ್ಕಮ್ಮ ಕೆರೆಬಿಳಚಿಯವಳು, ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು, ಗಂಡಸರ ಮುಂದೆ ಅವಳ ದನಿ ನಾನು ಕೇಳಿರಲಿಲ್ಲ.

“ಬುಧವಾರ ಐತ್ರಿ ಇವತ್ತು. ಹನ್ನೆರಡರಿಂದ ಒಂದೂವರೆ ರಾಹುಕಾಲ. ಹೊಸ ಅಂಗಡಿ ಸಾಮಾನು ಈಗ ಎತ್ತಿದ್ರೆ ಹೆಂಗೆ?”

ಚಿಕ್ಕಪ್ಪನ ಕೈ ನಿಂತಿತು. ದೊಡ್ಡಜ್ಜ ಪಡಸಾಲೆಯಿಂದಲೇ, “ಹೌದಲ್ಲ, ಬ್ಯಾಡ ಬ್ಯಾಡ, ಈಗ ಎತ್ತಬ್ಯಾಡ” ಎಂದು ಕೂಗಿದ. ಟೆಂಪೊದ ಡ್ರೈವರನ್ನೂ ಕರೆದುಕೊಂಡು ಗಂಡಸರೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಹೋದರು. ಹಿಂದಿನ ದಿನ ಅಮ್ಮ ಬಾಯಿಬಿಟ್ಟು ಕೇಳಿದ ಹೊತ್ತನ್ನು ಕೊಡಲು ಅಷ್ಟು ಲೆಕ್ಕಾಚಾರ ಹಾಕಿದವರು, ರಾಹುವಿಗೆ ಒಂದೂವರೆ ಗಂಟೆಯನ್ನು ಮರುಮಾತಿಲ್ಲದೆ ಬಿಟ್ಟುಕೊಟ್ಟರು.

ಚಿಕ್ಕಮ್ಮ ಅಮ್ಮನ ಪಕ್ಕಕ್ಕೆ ಬಂದು ನಿಂತಳು. “ಬೇಗ ಬೇಗ ಅಕ್ಕ.”

ಎರಡೂ ಯಂತ್ರಗಳು ಒಂದನ್ನೊಂದು ಗುರುತು ಹಿಡಿಯಲು ನಾಲ್ಕು ಸಲ ಹೇಳಬೇಕಾಯಿತು. ಐದನೆಯ ಸಲಕ್ಕೆ ಹಾಳೆಗಳು ಒಂದೊಂದಾಗಿ ಆ ಬದಿಯಿಂದ ಈ ಬದಿಗೆ ಹಾರುವ ಚಿತ್ರ ಪರದೆಯ ಮೇಲೆ ಮೂಡಿತು. ಅಮ್ಮ ಮೊದಲು ಅರ್ಜಿಯ ನಮೂನೆಗಳನ್ನು ಕಳಿಸಿದಳು, ಆಮೇಲೆ ಪ್ರಶ್ನೆಪತ್ರಿಕೆ, ಆಮೇಲೆ ಕಾರ್ಡುಗಳು. ‘ಇತರೆ ಅಮ್ಮ, ಇತರೆ ಹಾಕು’ ಎಂದು ನಾನು ಗೋಗರೆದೆ. “ಅದು ಊಟ ಹಾಕಲ್ಲ ಶೈಲಾ, ಕೊನೇಗೆ ಹಾಕೋಣ” ಎಂದಳು. ಸರಿಯಾದ ಮಾತೇ. ನಮಗೆ ಊಟ ಹಾಕುವವಳು ಅವಳೇ ಎಂಬುದನ್ನು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ ಆಗಿದ್ದಳು. ಕಾರ್ಡುಗಳು ಮುಗಿಯುವ ಹೊತ್ತಿಗೆ ಒಂದೂವರೆ ಆಗುತ್ತಾ ಬಂದಿತ್ತು. ‘ಇತರೆ’ ಶುರುವಾಗಿ ಐದಾರು ಫೈಲು ಬಂದಿರಬಹುದು. ಚಿಕ್ಕಪ್ಪ ಬಂದವನು ಪರದೆ ನೋಡಿದ, ಗಡಿಯಾರ ನೋಡಿದ, ಗೋಡೆಯ ಸ್ವಿಚ್ಚು ಒತ್ತಿಬಿಟ್ಟ.

“ಎರಡೇ ನಿಮಿಷ ಇತ್ತು ಮಂಜಪ್ಪ” ಎಂದಳು ಅಮ್ಮ.

“ಅಜ್ಜ ಹನ್ನೆರಡು ಅಂದಿದ್ದ. ಒಂದೂವರೆ ತಗೊಂಡ್ರಲ್ಲ, ಸಾಲ್ದಾ?”

ನಾನು ಅವನ ಕೈ ಕಚ್ಚಬೇಕೆಂದುಕೊಂಡೆ. ಅಮ್ಮ ಏನು ಮಾಡಿದಳು ಗೊತ್ತೇ? ಟೆಂಪೊದಲ್ಲಿ ಗೀರು ಬೀಳದಿರಲೆಂದು ಆ ಯಂತ್ರದ ಪರದೆಗೆ ನಮ್ಮದೇ ಹಳೆಯ ಕಂಬಳಿ ಸುತ್ತಿ ಕೊಟ್ಟಳು. ಅದಕ್ಕಾಗಿ ನಾನು ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ಅಂಗಡಿ ನಿಲ್ಲಲಿಲ್ಲ. ನಿಧಾನದ ಯಂತ್ರದಲ್ಲೇ ಅಮ್ಮ ಕೆಲಸ ಮುಂದುವರಿಸಿದಳು. ಚನ್ನಗಿರಿಯಲ್ಲಿ ಟೈಪ್ ಮಾಡಬೇಕಾದವಳು ಚಿಕ್ಕಮ್ಮ. ಅವಳಿಗೆ ಬರುತ್ತಿರಲಿಲ್ಲ, ಬರುತ್ತದೋ ಇಲ್ಲವೋ ಎಂದು ಚಿಕ್ಕಪ್ಪ ಯೋಚಿಸಿಯೂ ಇರಲಿಲ್ಲ. ಹೆಂಗಸರಿಗೆ ಅಡುಗೆ ಬರುವ ಹಾಗೆ ಅದೂ ಬರುತ್ತದೆ ಎಂದು ತಿಳಿದಿದ್ದನೋ ಏನೋ. ಮಧ್ಯಾಹ್ನ ಅವನು ಮಲಗಿದಾಗ ಚಿಕ್ಕಮ್ಮ ಎದುರಿನ ಅಂಗಡಿಯ ಕಾಸು ಹಾಕುವ ಡಬ್ಬಿ ಫೋನಿನಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ‘ಒತ್ತಕ್ಷರ ಹೆಂಗೆ ಅಕ್ಕ, ಹೆಸರು ನಡುವಿಗೆ ತರೋದು ಹೆಂಗೆ ಅಕ್ಕ.’ ಅಮ್ಮ ಕಣ್ಣುಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿಕೊಂಡು ಹೇಳಿಕೊಡುತ್ತಿದ್ದಳು. ಪಾಲಾದ ಎರಡೂ ಅಂಗಡಿಗಳನ್ನು ನಡೆಸುತ್ತಿದ್ದವಳು ಅವಳೊಬ್ಬಳೇ. ಪಾಲು ಮಾಡಿಕೊಂಡ ಇಬ್ಬರಿಗೂ ಅದು ತಿಳಿಯಲಿಲ್ಲ.

ನಾಲ್ಕು ತಿಂಗಳ ಮೇಲೆ ಚಿಕ್ಕಮ್ಮ ತವರಿಗೆಂದು ಹೇಳಿ ಹೊರಟವಳು ನೇರ ನ್ಯಾಮತಿಗೆ ಬಂದು ಇಳಿದಳು. ಚೀಲದಿಂದ ಕರವಸ್ತ್ರದಲ್ಲಿ ಕಟ್ಟಿದ ಎರಡು ಫ್ಲಾಪಿ ತೆಗೆದಳು.

“ಸಿನಿಮಾ ಹಾಡು ಹಾಕಾಕೆ ಜಾಗ ಬೇಕಂತೆ ಅಕ್ಕ. ‘ಇತರೆ’ ಅಳಿಸು ಅಂದ್ರು. ಅಳಿಸೋಕೆ ಮುಂಚೆ ಇದಕ್ಕೆ ಹಾಕ್ಕೊಂಡೆ. ಎಲ್ಲಾ ಓದಿದೆ. ಕೊನೇಗೆ ಒಂದು ನಂದೂ ಐತೆ.”

ಅಮ್ಮ ಫ್ಲಾಪಿ ಹಾಕಿದಳು. ಎಲ್ಲವೂ ಇದ್ದವು. ಬಾವಿ ತೋಡಲು ಹೋದವನ ಹೆಂಡತಿ ಇದ್ದಳು, ಮಗನಿಗಿಂತ ಚಿಕ್ಕವಳಾದ ತಾಯಿ ಇದ್ದಳು. ಕೊನೆಯ ಫೈಲಿನಲ್ಲಿ ಒಂದು ಪುಟ, ತುಂಬ ಕಾಗುಣಿತದ ತಪ್ಪು. ಅಮ್ಮನ ಭುಜದ ಮೇಲಿಂದ ನಾನೂ ಓದಿದೆ. ಕೆರೆಬಿಳಚಿಯ ಹುಡುಗಿಯೊಬ್ಬಳು ಹತ್ತನೇ ತರಗತಿಯ ಪರೀಕ್ಷೆ ಬರೆಯುತ್ತಿದ್ದಳು. ಎರಡು ಪೇಪರ್ ಆಗಿತ್ತು. ಮೂರನೆಯ ದಿನ ಬೆಳಿಗ್ಗೆ ಒಳ್ಳೆಯ ಗಳಿಗೆ ಇದೆಯೆಂದು ನ್ಯಾಮತಿಯಿಂದ ಹೆಣ್ಣು ನೋಡಲು ಬಂದರು. ಯೂನಿಫಾರಂ ತೆಗೆಸಿ ಸೀರೆ ಉಡಿಸಿದರು. ಬಂದವರಲ್ಲಿ ಒಬ್ಬ ಹೆಂಗಸು ಇದ್ದಳು, ಓದು ಬಲ್ಲವಳು, ಟೈಪಿಂಗ್ ಬಲ್ಲವಳು ಎಂದು ಹೇಳಿದರು. ಇವಳಾದರೂ ಕೇಳುತ್ತಾಳೆ ಎಂದು ಹುಡುಗಿ ಕಾದಳು. ಆ ಹೆಂಗಸು ‘ಹಾಡು ಬರ್ತೈತಾ’ ಎಂದು ಕೇಳಿದಳು. ಪರೀಕ್ಷೆ ಇದೆಯಾ ಎಂದು ಕೇಳಲಿಲ್ಲ.

ಅಷ್ಟು ದಿನ ನನ್ನ ಸಿಟ್ಟಿನ ಪಟ್ಟಿಯಲ್ಲಿ ಚಿಕ್ಕಪ್ಪ ಇದ್ದ, ದೊಡ್ಡಜ್ಜ ಇದ್ದ, ಎಲ್ಲರಿಗಿಂತ ಮೇಲೆ ಅಪ್ಪ ಇದ್ದ. ಅಮ್ಮನನ್ನು ಆ ಪಟ್ಟಿಗೆ ಸೇರಿಸಬೇಕಾದೀತು ಎಂದು ನಾನು ಅಂದುಕೊಂಡಿರಲಿಲ್ಲ. ಗಂಡಸರ ಎದುರು ಹಟ ಹಿಡಿದು ಕೂತವಳು, ಸ್ವಿಚ್ಚು ಒತ್ತಿದಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದವಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ವಾರವೇ ಅವಳು ಚಿಕ್ಕಮ್ಮನಿಗೆ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿ ತುಂಬಿಸಿದ್ದು, ಚನ್ನಗಿರಿಗೆ ಹೋಗಿ ಚಿಕ್ಕಪ್ಪ ಹಾರಾಡುತ್ತಿದ್ದರೂ ಅಂಗಡಿಯಲ್ಲೇ ಕೂತು ಅವನ ಸಹಿ ಹಾಕಿಸಿಕೊಂಡು ಬಂದದ್ದು, ಚಿಕ್ಕಮ್ಮ ಎರಡನೆಯ ಸಲಕ್ಕೆ ಪಾಸಾದದ್ದು, ಎಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅವಳು ಕುರ್ಚಿ ತಿರುಗಿಸಿ, ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಪೇಪರ್ ಇತ್ತು ಗಿರಿಜಾ ಅವತ್ತು?”

“ಗಣಿತ, ಅಕ್ಕ” ಎಂದಳು ಚಿಕ್ಕಮ್ಮ. “ಭಾಳ ಚಲೋ ಓದ್ಕೊಂಡಿದ್ದೆ.”